ಪಾರ್ಕಿನ್ಸನ್ ಇರುವ ಹಿರಿಯರು ಭಾರ ಎತ್ತಬೇಕಾ?

2024ರ ಆರಂಭದಲ್ಲಿ ಒಂದು ಸುದ್ದಿ ತುಂಬಾ ಓಡಾಡಿತು. ಜೋರಾಗಿ ವ್ಯಾಯಾಮ ಮಾಡಿದರೆ ಪಾರ್ಕಿನ್ಸನ್ ಕಾಯಿಲೆ ಹಿಂದಕ್ಕೆ ಸರಿಯಬಹುದು ಅನ್ನುವ ಅರ್ಥದ ಸುದ್ದಿ. ಅದರ ಮೂಲ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಂದು ಅಧ್ಯಯನ. ಅದಕ್ಕೂ ಒಂದು ವರ್ಷ ಮೊದಲು, 2023ರ ಜನವರಿಯಲ್ಲಿ, ಕೊಕ್ರೇನ್ ಸಂಸ್ಥೆಯ ದೊಡ್ಡ ವಿಮರ್ಶೆಯೊಂದು ಬಂದಿತ್ತು. 156 ಪ್ರಯೋಗಗಳನ್ನು, 7,939 ಜನರ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದ ವಿಮರ್ಶೆ ಅದು. ಭಾರ ಎತ್ತುವ ವ್ಯಾಯಾಮದಿಂದ ಚಲನೆಯ ತೊಂದರೆಗಳಿಗೆ ಸಣ್ಣ ಲಾಭ ಸಿಗಬಹುದು ಅಂತಷ್ಟೇ ಅದು ಹೇಳಿತ್ತು. ಡಾನ್ಸ್‌ಗೂ ನಡಿಗೆ ಮತ್ತು ಸಮತೋಲನದ ತರಬೇತಿಗೂ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಜಾಗ ಸಿಕ್ಕಿತ್ತು.

ಇವೆರಡರ ನಡುವೆ ಇನ್ನೊಂದು ದನಿಯೂ ಇದೆ. ಅಮೆರಿಕದ ಫಿಸಿಯೋಥೆರಪಿಸ್ಟ್‌ಗಳ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ಪಾರ್ಕಿನ್ಸನ್ ಇರುವವರಿಗೆ ಭಾರದ ವ್ಯಾಯಾಮ ಮಾಡಿಸಲೇಬೇಕು ಎಂದು ಬಲವಾಗಿ ಶಿಫಾರಸು ಮಾಡುತ್ತದೆ.

ಕಾಯಿಲೆಯೇ ಹಿಂದಕ್ಕೆ ಹೋಗುತ್ತದೆ ಅಂತ ಒಬ್ಬರು. ಸಣ್ಣ ಲಾಭ ಅಂತ ಇನ್ನೊಬ್ಬರು. ಮಾಡಿಸಲೇಬೇಕು ಅಂತ ಮತ್ತೊಬ್ಬರು. ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪನೋ ಅಮ್ಮನೋ ಕೈ ನಡುಗಿಸುತ್ತಾ ಕೂತಿದ್ದಾರೆ, ಅವರ ಕೈಗೆ ಡಂಬೆಲ್ ಕೊಡಬೇಕಾ ಬೇಡವಾ ಅನ್ನುವುದು ಮನೆಯವರ ಪ್ರಶ್ನೆ. ಈ ಮೂರು ಮಾತುಗಳೂ ಒಂದಕ್ಕೊಂದು ವಿರುದ್ಧ ಅಲ್ಲ. ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ, ಗೊಂದಲ ಹುಟ್ಟುವುದು ಅಲ್ಲಿಂದ.

ವಿಷಯ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಾದ್ಯಂತ 85 ಲಕ್ಷಕ್ಕೂ ಹೆಚ್ಚು ಜನರಿಗೆ ಪಾರ್ಕಿನ್ಸನ್ ಇತ್ತು. 2050ರ ಹೊತ್ತಿಗೆ ಅದು 2.52 ಕೋಟಿ ಮುಟ್ಟಬಹುದು ಎಂದು 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಂದಾಜು ಹೇಳುತ್ತದೆ. ಈ ಏರಿಕೆಗೆ ದೊಡ್ಡ ಕಾರಣ ಜನರ ಆಯಸ್ಸು ಹೆಚ್ಚುತ್ತಿರುವುದು.

## ಕಾಯಿಲೆ ಇರುವುದು ಮಿದುಳಿನಲ್ಲಿ, ಸೋಲುವುದು ಕಾಲು

ಮಿದುಳಿನ ಆಳದಲ್ಲಿ, ಚಲನೆಯ ಅಪ್ಪಣೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳ ಒಂದು ಪುಟ್ಟ ಗುಂಪಿದೆ. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗುವುದು, ಮೈ ಬಿಗಿಯುವುದು, ಪ್ರತಿ ಕೆಲಸವೂ ನಿಧಾನವಾಗುವುದು ಕಣ್ಣಿಗೆ ಬೀಳುವ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಹೋಗಿಬಿಟ್ಟಿರುತ್ತವೆ.

ಡೋಪಮೈನ್ ಕಡಿಮೆಯಾದಾಗ ಸ್ನಾಯು ಸಾಯುವುದಿಲ್ಲ. ಅದಕ್ಕೆ ಬರುವ ಅಪ್ಪಣೆ ಮಾತ್ರ ಕುಂದುತ್ತದೆ. ಎದ್ದು ನಿಲ್ಲು ಅಂತ ಮಿದುಳು ಹೇಳಿದಾಗ ತೊಡೆಯ ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ, ತಕ್ಷಣ ಬಿಗಿಯಬೇಕು. ಪಾರ್ಕಿನ್ಸನ್‌ನಲ್ಲಿ ಆ ಅಪ್ಪಣೆ ಬಿಡಿಬಿಡಿಯಾಗಿ, ತಡವಾಗಿ, ಅರ್ಧ ದನಿಯಲ್ಲಿ ಬರುತ್ತದೆ. ಡೋಪಮೈನ್ ಕೊರತೆ ತುಂಬಲು ಕೊಡುವ ಲೆವೊಡೋಪಾ ಮಾತ್ರೆ ಕೆಲಸ ಶುರು ಮಾಡಿದ ಮೇಲೆ ಅದೇ ಕಾಲಿಗೆ ಬಲ ಬಂದ ಹಾಗೆ ಅನಿಸುವುದು ಇದೇ ಕಾರಣಕ್ಕೆ. ಒಂದು ಗಂಟೆಯಲ್ಲಿ ಮಾಂಸಖಂಡ ಬೆಳೆಯುವುದಿಲ್ಲ ಅಲ್ವಾ? ಅಪ್ಪಣೆ ಜೋರಾಯಿತು, ಅಷ್ಟೇ.

ಹಾಗಿದ್ದರೆ ಮಾತ್ರೆಯೇ ಸಾಕಲ್ಲ, ಭಾರ ಯಾಕೆ? ಬಲ ಸೋರುವುದು ಒಂದೇ ಕಡೆಯಿಂದ ಆಗಿದ್ದರೆ ಸಾಕಾಗುತ್ತಿತ್ತು.

## ಒಂದೇ ಕೊಡ, ಮೂರು ತೂತು

ಮೊದಲನೆಯ ತೂತು ಕಾಯಿಲೆ. ಎರಡನೆಯದು ವಯಸ್ಸು. ಪಾರ್ಕಿನ್ಸನ್ ಇರಲಿ ಬಿಡಲಿ, ವಯಸ್ಸಾದಂತೆ ಎಲ್ಲರ ಮಾಂಸಖಂಡವೂ ಕರಗುತ್ತದೆ. ಅದರಲ್ಲೂ ಮೊದಲು ಹೋಗುವುದು ಚುರುಕಾಗಿ ಬಿಗಿಯುವ ಎಳೆಗಳು. ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾಗುವುದು ಇವೇ ಎಳೆಗಳು.

ಮೂರನೆಯ ತೂತು ಕಣ್ಣಿಗೆ ಬೀಳುವುದೇ ಇಲ್ಲ, ಯಾಕೆಂದರೆ ಅದು ಪ್ರೀತಿಯ ವೇಷದಲ್ಲಿ ಬರುತ್ತದೆ. "ನೀವು ಕೂತ್ಕೊಳ್ಳಿ, ನಾನು ತಂದುಕೊಡ್ತೀನಿ." "ಮಹಡಿ ಹತ್ತಬೇಡಿ, ಬಿದ್ದುಬಿಟ್ಟೀರಿ." ನಿಧಾನವಾದವರ ಕೆಲಸವನ್ನು ಬೇರೆಯವರು ಮಾಡಿಕೊಡಲು ಶುರು ಮಾಡುತ್ತಾರೆ. ಕೆಲಸ ಕಡಿಮೆಯಾದರೆ ಸ್ನಾಯು ಸಣ್ಣಗಾಗುತ್ತದೆ. ಸ್ನಾಯು ಸಣ್ಣಗಾದರೆ ಏಳುವುದು ಇನ್ನೂ ಕಷ್ಟ. ಕಷ್ಟವಾದಷ್ಟೂ ಮನೆಯವರ ಸಹಾಯ ಜಾಸ್ತಿ. ಹೀಗೆ ಒಂದೆರಡು ವರ್ಷ ಕಳೆದರೆ, ಕಾಲಿನ ಸೋಲಿನಲ್ಲಿ ಕಾಯಿಲೆಯ ಪಾಲು ಎಷ್ಟು, ಕೂತಲ್ಲೇ ಕೂತಿದ್ದರ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳುವುದೇ ಕಷ್ಟ. ಕಾಯಿಲೆ ಮುಂದುವರಿದಿದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ.

ಮೊದಲ ತೂತಿಗೆ ಮಾತ್ರೆ ಅಡ್ಡ ನಿಲ್ಲುತ್ತದೆ. ಉಳಿದ ಎರಡಕ್ಕೆ ಮಾತ್ರೆ ಇಲ್ಲ. ಅಲ್ಲಿ ಕೆಲಸ ಮಾಡುವುದು ಭಾರ.

ವಯಸ್ಸಾದ ಮೈ ಇದಕ್ಕೆ ಒಗ್ಗುತ್ತದಾ ಅನ್ನುವ ಅನುಮಾನಕ್ಕೆ 1994ರಲ್ಲೇ ಉತ್ತರ ಸಿಕ್ಕಿದೆ. ಅಮೆರಿಕದ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ 100 ಮಂದಿ ಬಲಹೀನ ಹಿರಿಯರ ಮೇಲೆ ಪ್ರಯೋಗ ಮಾಡಿದರು. ಸರಾಸರಿ ವಯಸ್ಸು 87. ಹತ್ತು ವಾರ ಸೊಂಟ ಮತ್ತು ಮಂಡಿಯ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿದವರ ಬಲ ದುಪ್ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ನಡಿಗೆಯ ವೇಗವೂ ಸುಮಾರು 12 ಶೇಕಡ ಏರಿತು. ಇದು ಪಾರ್ಕಿನ್ಸನ್ ರೋಗಿಗಳಿಗೆಂದೇ ಮಾಡಿದ ಪ್ರಯೋಗ ಅಲ್ಲ. ಆದರೆ ಎಂಬತ್ತು ದಾಟಿದ ಮಾಂಸಖಂಡ ಮತ್ತೆ ಬಲ ಕಟ್ಟಿಕೊಳ್ಳಬಲ್ಲದು ಅನ್ನುವುದು ಅವತ್ತೇ ಖಚಿತವಾಯಿತು.

## ಕುರ್ಚಿಯಿಂದ ಏಳುವ ಕೆಲವೇ ಕ್ಷಣ

ಬಲ ಅಂದರೆ ಇಲ್ಲಿ ಏನು ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಪಾರ್ಕಿನ್ಸನ್ ಇರುವ ಹಿರಿಯರೊಬ್ಬರು ಕುರ್ಚಿಯಿಂದ ಏಳುತ್ತಿದ್ದಾರೆ ಅಂದುಕೊಳ್ಳಿ. ಮೊದಲು ಮುಂದಕ್ಕೆ ಜರುಗಿ ಕುರ್ಚಿಯ ಅಂಚಿಗೆ ಬರಬೇಕು. ಪಾದ ಹಿಂದಕ್ಕೆ ಎಳೆದುಕೊಂಡು ಮಂಡಿಯ ಕೆಳಗೆ ತರಬೇಕು. ಎದೆಯನ್ನು ಮುಂದಕ್ಕೆ ಬಾಗಿಸಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಆಮೇಲೆ ತೊಡೆ ಮತ್ತು ಪೃಷ್ಠದ ಸ್ನಾಯುಗಳು ಒಮ್ಮೆಲೇ ಒತ್ತಬೇಕು.

ಎಡವಟ್ಟಾಗುವುದು ಈ "ಒಮ್ಮೆಲೇ" ಅನ್ನುವಲ್ಲಿ. ಅರ್ಧ ಎದ್ದಾಗ ಒತ್ತಡ ಸಾಲದೆ ಹೋದರೆ ಧೊಪ್ಪನೆ ಹಿಂದಕ್ಕೆ ಕೂರುತ್ತಾರೆ. ಎರಡನೇ ಸಲ ಕೈ ಊರುತ್ತಾರೆ. ಮೂರನೇ ಸಲ ಯಾರಾದರೂ ರಟ್ಟೆ ಹಿಡಿದು ಎಬ್ಬಿಸುತ್ತಾರೆ. ಇಲ್ಲಿ ಕಡಿಮೆ ಬಿದ್ದದ್ದು ಬರೀ ಬಲ ಅಲ್ಲ, ಬಲ ಬರುವ ವೇಗ. ಅದೇ ಬಲ ಅರ್ಧ ಸೆಕೆಂಡು ಮೊದಲು ಬಂದಿದ್ದರೆ ಎದ್ದು ನಿಂತಿರುತ್ತಿದ್ದರು.

ಹಾಗಾಗಿ ಪಾರ್ಕಿನ್ಸನ್‌ಗೆ ಮಾಡಿಸುವ ಭಾರದ ವ್ಯಾಯಾಮ ಜಿಮ್‌ನ ಹುಡುಗರು ತೋಳು ದಪ್ಪ ಮಾಡಿಕೊಳ್ಳಲು ಮಾಡುವ ಕಸರತ್ತಿನ ಹಾಗಲ್ಲ. ಎತ್ತುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ ಮಾಡಿಸುವುದು ಇಲ್ಲಿ ಮುಖ್ಯ. ಯಾವ ಸ್ನಾಯು ಅನ್ನುವುದೂ ಮುಖ್ಯ. ಈ ಕಾಯಿಲೆ ಮೈಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಆದ್ದರಿಂದ ಬೆನ್ನು ನೆಟ್ಟಗಿಡುವ ಸ್ನಾಯುಗಳು, ಪೃಷ್ಠ, ತೊಡೆಯ ಮುಂಭಾಗ, ಮೀನಖಂಡ ಇವುಗಳಿಗೆ ಮೊದಲ ಪಾಲು ಸಿಗಬೇಕು.

ಮೈ ಮೊದಲೇ ಬಿಗಿಯಾಗಿದೆ, ಭಾರ ಎತ್ತಿದರೆ ಇನ್ನಷ್ಟು ಬಿಗಿಯುವುದಿಲ್ಲವಾ ಅನ್ನುವ ಭಯ ಹಲವರಿಗಿದೆ. ಆ ಬಿಗಿತ ಹುಟ್ಟುವುದು ಮಿದುಳಿನ ಅಪ್ಪಣೆಯಲ್ಲಿ, ಸ್ನಾಯು ಬಲವಾಗಿದ್ದರಿಂದ ಅಲ್ಲ. ಶ್ರಮಪಟ್ಟ ತಕ್ಷಣ ನಡುಕ ಸ್ವಲ್ಪ ಹೊತ್ತು ಜಾಸ್ತಿಯಾಗಬಹುದು. ದಣಿವಾರಿಸಿಕೊಂಡರೆ ಅದು ತಗ್ಗುತ್ತದೆ.

## 2013ರ ಪ್ರಯೋಗ: ಆರು ತಿಂಗಳಲ್ಲಿ ಸಮ, ಎರಡು ವರ್ಷದಲ್ಲಿ ಬೇರೆ

ಭಾರದ ವ್ಯಾಯಾಮದ ಪರವಾಗಿ ಎಲ್ಲರೂ ಎತ್ತಿ ಹೇಳುವ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಡೇನಿಯಲ್ ಕಾರ್ಕೋಸ್ ನೇತೃತ್ವದಲ್ಲಿ ಶಿಕಾಗೋದಲ್ಲಿ ನಡೆದದ್ದು. ಪಾರ್ಕಿನ್ಸನ್ ಇರುವ 48 ಜನರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪು ವಾರಕ್ಕೆರಡು ದಿನ, ಎರಡು ವರ್ಷ ವ್ಯಾಯಾಮ ಮಾಡಿತು. ಒಂದು ಗುಂಪಿಗೆ ಮೈ ಚಾಚುವುದು, ಸಮತೋಲನ, ಹಗುರ ಕಸರತ್ತು. ಇನ್ನೊಂದು ಗುಂಪಿಗೆ ಭಾರ, ಅದೂ ಬಲ ಹೆಚ್ಚಿದಂತೆ ತೂಕವನ್ನೂ ಹೆಚ್ಚಿಸುತ್ತಾ ಹೋಗುವ ಕ್ರಮದಲ್ಲಿ.

ಆರು ತಿಂಗಳಿಗೆ ಅಳೆದಾಗ ಎರಡೂ ಗುಂಪು ಒಂದೇ ಸಮ ಸುಧಾರಿಸಿದ್ದವು. ಪ್ರಯೋಗ ಅಲ್ಲಿಗೇ ನಿಂತಿದ್ದರೆ ಭಾರ ಎತ್ತಿ ವಿಶೇಷ ಲಾಭ ಇಲ್ಲ ಅಂತಲೇ ಬರೆಯುತ್ತಿದ್ದರು. ಆದರೆ ಒಂದು ವರ್ಷದ ಹೊತ್ತಿಗೆ ದಾರಿ ಕವಲೊಡೆಯಿತು. ಎರಡು ವರ್ಷ ಮುಗಿದಾಗ ಚಲನೆಯ ತೊಂದರೆಯನ್ನು ಅಳೆಯುವ ಯುಪಿಡಿಆರ್‌ಎಸ್ ಎಂಬ ಅಳತೆಯಲ್ಲಿ ಭಾರದ ಗುಂಪು 7.3 ಅಂಕ ಮುಂದಿತ್ತು. ಆ ಅಳತೆಯಲ್ಲಿ ಒಟ್ಟು 108 ಅಂಕ, ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಸುಮಾರು 5 ಅಂಕದ ವ್ಯತ್ಯಾಸವನ್ನೇ ರೋಗಿಯ ಬದುಕಿನಲ್ಲಿ ಗೊತ್ತಾಗುವಂಥ ಸಾಧಾರಣ ಸುಧಾರಣೆ ಅಂತ ಲೆಕ್ಕ ಹಿಡಿಯುತ್ತಾರೆ. ಹಾಗೆ ನೋಡಿದರೆ 7.3 ಕಡಿಮೆ ಅಲ್ಲ.

ಕವಲೊಡೆದದ್ದು ಯಾಕೆ? ಹಗುರ ಕಸರತ್ತು ಕೆಲವು ತಿಂಗಳಲ್ಲೇ ಮೈಗೆ ರೂಢಿಯಾಗಿಬಿಡುತ್ತದೆ. ರೂಢಿಯಾದ ಕೆಲಸ ಮಿದುಳಿನಿಂದಲೂ ಸ್ನಾಯುವಿನಿಂದಲೂ ಹೊಸದೇನನ್ನೂ ಕೇಳುವುದಿಲ್ಲ. ಭಾರದ ಗುಂಪಿನಲ್ಲಿ ರೂಢಿಯಾಗಲು ಬಿಡಲೇ ಇಲ್ಲ. ಸುಲಭವಾಯಿತು ಅನ್ನುವಾಗ ತೂಕ ಏರಿತು. ನನ್ನ ಓದಿನಲ್ಲಿ ಈ ಪ್ರಯೋಗದ ತಿರುಳು ಭಾರ ಅನ್ನುವುದಕ್ಕಿಂತ, ಭಾರವನ್ನು ಏರಿಸುತ್ತಾ ಹೋಗುವುದು.

ಇನ್ನೊಂದು ಸಂಗತಿ ಸುದ್ದಿಗಳಲ್ಲಿ ಬರುವುದೇ ಇಲ್ಲ. ಈ 48 ಜನರ ಸರಾಸರಿ ವಯಸ್ಸು ಸುಮಾರು 59. ಎಪ್ಪತ್ತೈದರ, ಎಂಬತ್ತರ ಹಿರಿಯರಿಗೆ ಅದೇ 7.3 ಅಂಕ ಸಿಗುತ್ತದೆ ಅಂತ ಭರವಸೆ ಕೊಡಲು ಈ ಪ್ರಯೋಗ ಸಾಲದು. ಹಿರಿಯರಿಗೆ ಭಾರ ಬೇಕು ಅನ್ನುವುದಕ್ಕೆ ಆಧಾರ ಎರಡು ಕಡೆಯಿಂದ ಬರುತ್ತದೆ. ಕಾಯಿಲೆಯ ಕಡೆಯಿಂದ ಇಂಥ ಪ್ರಯೋಗಗಳು, ವಯಸ್ಸಿನ ಕಡೆಯಿಂದ ಫಿಯಾಟರೋನ್ ಮಾಡಿದಂಥ ಪ್ರಯೋಗಗಳು. ಎರಡನ್ನೂ ಕೂಡಿಸಿ ಓದಬೇಕು.

## ಹಾಗಾದರೆ ಕೊಕ್ರೇನ್ ಯಾಕೆ ಸಣ್ಣ ಲಾಭ ಅಂದಿತು?

ಕೊಕ್ರೇನ್ ಮಾಡುವ ಕೆಲಸ ಬೇರೆ. ನಡೆದ ಎಲ್ಲ ಪ್ರಯೋಗಗಳನ್ನೂ ಒಂದೇ ತಕ್ಕಡಿಗೆ ಹಾಕಿ ಸರಾಸರಿ ನೋಡುತ್ತದೆ. 156 ಪ್ರಯೋಗಕ್ಕೆ 7,939 ಜನ ಅಂದರೆ ಒಂದಕ್ಕೆ ಸರಾಸರಿ 51 ಜನ. ಹೆಚ್ಚಿನವು ಸಣ್ಣ ಪ್ರಯೋಗಗಳು. ಎರಡು ವರ್ಷ ನಡೆಯುವುದು ಅಪರೂಪ, ವಾರಗಳ ಲೆಕ್ಕದಲ್ಲಿ ಮುಗಿಯುವುದೇ ಜಾಸ್ತಿ. ಆರು ತಿಂಗಳಲ್ಲಿ ಸಮ, ಎರಡು ವರ್ಷದಲ್ಲಿ ಬೇರೆ ಅನ್ನುವ ಫಲಿತಾಂಶವನ್ನು ಇದರ ಪಕ್ಕ ಇಟ್ಟು ನೋಡಿ. ಬೇಗ ಮುಗಿದ ಪ್ರಯೋಗಗಳ ಸರಾಸರಿಯಲ್ಲಿ ನಿಧಾನವಾಗಿ ಬರುವ ಲಾಭ ಕಾಣಿಸಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ.

ಎರಡನೆಯ ಕಾರಣ, ಏನನ್ನು ಅಳೆದರು ಅನ್ನುವುದು. ಚಲನೆಯ ಅಳತೆಯಲ್ಲಿ ನಡಿಗೆ, ಭಂಗಿ, ತಿರುಗುವುದು, ಬೆರಳು ತಟ್ಟುವುದು ಇವೆಲ್ಲ ಸೇರಿವೆ. ಡಾನ್ಸ್ ಮತ್ತು ನಡಿಗೆಯ ತರಬೇತಿ ಅವುಗಳಲ್ಲಿ ಹಲವನ್ನು ನೇರವಾಗಿ ಅಭ್ಯಾಸ ಮಾಡಿಸುತ್ತವೆ. ಭಾರದ ವ್ಯಾಯಾಮ ತೊಡೆಗೆ ಬಲ ಕೊಡುತ್ತದೆ, ಆದರೆ ಆ ಬಲವನ್ನು ನಡಿಗೆಯಲ್ಲಿ ಹೇಗೆ ಬಳಸಬೇಕು ಅಂತ ತಾನಾಗಿ ಕಲಿಸುವುದಿಲ್ಲ. ಈಜು ಕಲಿಯಲು ನೀರಿಗೆ ಇಳಿಯಲೇಬೇಕಾದ ಹಾಗೆ, ಸಮತೋಲನ ಕಲಿಯಲು ಸಮತೋಲನ ತಪ್ಪುವ ಜಾಗದಲ್ಲಿ ನಿಲ್ಲಲೇಬೇಕು.

ಅಷ್ಟಕ್ಕೂ ಆ ವಿಮರ್ಶೆಯ ಮುಖ್ಯ ಸಂದೇಶ ಬೇರೆಯೇ ಇತ್ತು. ಹೆಚ್ಚುಕಡಿಮೆ ಯಾವ ವ್ಯಾಯಾಮ ಮಾಡಿದರೂ ಸುಮ್ನೆ ಕೂರುವುದಕ್ಕಿಂತ ಒಳ್ಳೆಯದು, ವ್ಯಾಯಾಮಗಳ ನಡುವಿನ ವ್ಯತ್ಯಾಸಕ್ಕೆ ಗಟ್ಟಿ ಪುರಾವೆ ಕಡಿಮೆ ಅಂತ ಅದು ಹೇಳಿತ್ತು. ಸುದ್ದಿಯಾಗುವಾಗ ಅದು ಪಂದ್ಯದ ಪಟ್ಟಿಯ ಹಾಗೆ ಕಂಡಿತು: ಡಾನ್ಸ್ ಗೆದ್ದಿತು, ಭಾರ ಸೋತಿತು. ಇದು ಪಂದ್ಯ ಅಲ್ಲ. ಕಾಲಿನಲ್ಲಿ ಬಲವೇ ಇಲ್ಲದವರು ಡಾನ್ಸ್ ತರಗತಿಗೆ ಹೋಗುವುದಾದರೂ ಹೇಗೆ?

ಬ್ರೆಜಿಲ್‌ನ ಸಂಶೋಧಕರು ಎರಡನ್ನೂ ಬೆರೆಸಿ ನೋಡಿದ್ದಾರೆ. ಮೆತ್ತನೆಯ, ಅಲುಗಾಡುವ ಆಸರೆಗಳ ಮೇಲೆ ನಿಂತು ಭಾರದ ವ್ಯಾಯಾಮ ಮಾಡಿಸಿದರು. ಎದ್ದು, ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯಲ್ಲಿ ಬರೀ ಭಾರ ಎತ್ತಿದವರಿಗಿಂತ ಇವರಿಗೆ ಜಾಸ್ತಿ ಲಾಭವಾಯಿತು. ಇದನ್ನು ಮನೆಯಲ್ಲಿ ಒಬ್ಬರೇ ಮಾಡಲು ಹೊರಡಬಾರದು, ಪಕ್ಕದಲ್ಲಿ ತಿಳಿದವರು ಇರಲೇಬೇಕು.

## ಕಾಯಿಲೆಯೇ ನಿಧಾನವಾಗುತ್ತದಾ?

ಗೊಂದಲದ ಗಂಟು ಇರುವುದು ಇಲ್ಲಿ. ಯೇಲ್ ಅಧ್ಯಯನದಲ್ಲಿ ಇದ್ದದ್ದು 10 ಜನ. ಆರು ತಿಂಗಳು ಜೋರಾದ ವ್ಯಾಯಾಮ ಮಾಡಿಸಿ, ಮೊದಲೂ ಆಮೇಲೂ ಮಿದುಳಿನ ಸ್ಕ್ಯಾನ್ ಮಾಡಿದರು. ಸಾಮಾನ್ಯವಾಗಿ ಇಳಿಯುತ್ತಾ ಹೋಗಬೇಕಿದ್ದ ಡೋಪಮೈನ್ ಕೋಶಗಳ ಸಂಕೇತ ಏರಿತ್ತು. ಆಸೆ ಹುಟ್ಟಿಸುವ ಸಂಗತಿಯೇ. ಆದರೆ ವ್ಯಾಯಾಮ ಮಾಡದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಸಂಕೇತ ಏರಿದೆ ಅಂದರೆ ಸತ್ತ ಕೋಶಗಳು ಎದ್ದು ಬಂದವು ಅಂತ ಅರ್ಥ ಅಲ್ಲ. ಉಳಿದ ಕೋಶಗಳು ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿರಬಹುದು.

ಕಾರ್ಕೋಸ್ ಪ್ರಯೋಗದ 7.3 ಅಂಕವನ್ನೂ ಕೆಲವರು ಕಾಯಿಲೆ ನಿಧಾನವಾಯಿತು ಅಂತ ಓದುತ್ತಾರೆ. ಕಾರಣ, ಆ ಅಳತೆಯನ್ನು ಮಾತ್ರೆ ಇಲ್ಲದ ಸ್ಥಿತಿಯಲ್ಲಿ ಮಾಡಿದ್ದರು. ಹಿಂದಿನ ಸಂಜೆಯಿಂದ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ಪರೀಕ್ಷೆ ಮಾಡುವುದು ರೂಢಿ. ಆದರೆ ಲೆವೊಡೋಪಾದ ಪರಿಣಾಮದಲ್ಲಿ ಒಂದು ಪಾಲು ದಿನಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಒಂದು ರಾತ್ರಿ ಮಾತ್ರೆ ಬಿಟ್ಟರೆ ಕಾಯಿಲೆಯ ನಿಜ ರೂಪ ಪೂರ್ತಿ ಹೊರಗೆ ಬರುವುದಿಲ್ಲ. ಅದೂ ಅಲ್ಲದೆ, ಬಲ ಹೆಚ್ಚಿದವರು ಪರೀಕ್ಷೆಯಲ್ಲಿ ಕುರ್ಚಿಯಿಂದ ಚೆನ್ನಾಗಿ ಎದ್ದರೆ ಅಂಕ ಸುಧಾರಿಸುತ್ತದೆ. ಅದಕ್ಕೆ ಮಿದುಳಿನ ಕೋಶ ಉಳಿದಿರಲೇಬೇಕು ಅಂತೇನಿಲ್ಲ.

ಓಟ, ಸೈಕಲ್ ಕಡೆಯ ಪುರಾವೆಯೂ ಹೀಗೇ ಇದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 128 ಜನ ಇದ್ದರು. ಟ್ರೆಡ್‌ಮಿಲ್ ಮೇಲೆ ಎದೆಬಡಿತ ಗರಿಷ್ಠ ಮಟ್ಟದ 80–85 ಶೇಕಡಕ್ಕೆ ಏರುವಷ್ಟು ಜೋರಾಗಿ ನಡೆದವರ ಅಂಕ ಆರು ತಿಂಗಳಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಎಂದಿನಂತೆ ಇದ್ದವರ ಅಂಕ 3.2ರಷ್ಟು ಹದಗೆಟ್ಟಿತ್ತು. ಲಕ್ಷಣಗಳಿಗೆ ಲಾಭ ಇದೆ ಅನ್ನುವುದು ಗಟ್ಟಿ. ಕೋಶಗಳ ಸಾವು ನಿಧಾನವಾಗುತ್ತದೆ ಅನ್ನುವುದು ಇನ್ನೂ ಸಾಬೀತಾಗಿಲ್ಲ.

ಹಿರಿಯರ ವಿಷಯದಲ್ಲಿ ಈ ಚರ್ಚೆಗೆ ಅತಿಯಾದ ತೂಕ ಸಿಕ್ಕಿದೆ ಅನ್ನುವುದು ನನ್ನ ಅನಿಸಿಕೆ. ಎಪ್ಪತ್ತೆಂಟರ ಅಮ್ಮನಿಗೆ ಬೇಕಾಗಿರುವುದು ಬಚ್ಚಲುಮನೆಗೆ ತಾನೇ ಎದ್ದು ಹೋಗುವುದು. ಆ ಬಲ ಮಿದುಳಿನಿಂದ ಬಂತಾ ತೊಡೆಯಿಂದ ಬಂತಾ ಅನ್ನುವುದು ಸಂಶೋಧಕರ ಪ್ರಶ್ನೆ. ಕಾಯಿಲೆ ಒಂದಿಷ್ಟೂ ನಿಧಾನವಾಗದಿದ್ದರೂ, ಉಳಿದೆರಡು ತೂತುಗಳಿಂದ ಸೋರುವುದನ್ನು ತಡೆದರೆ ಆಕೆಯ ದಿನ ಬದಲಾಗುತ್ತದೆ. ಪೂರ್ತಿ ಗುಣವಾಗುತ್ತದೆ ಅಂತ ನಂಬಿಸಿ ಶುರು ಮಾಡಿಸಿದರೆ ಮಾತ್ರ ಅಪಾಯ. ನಡುಕ ಹೋಗದಿದ್ದಾಗ ಮೂರೇ ತಿಂಗಳಿಗೆ ಬಿಟ್ಟುಬಿಡುತ್ತಾರೆ.

## ಬೀಳುವುದು ಕಡಿಮೆಯಾಗುತ್ತದಾ?

ಆಗುತ್ತದೆ, ಆದರೆ ಯಾರಿಗೆ ಮತ್ತು ಹೇಗೆ ಅನ್ನುವುದರ ಮೇಲೆ ನಿಂತಿದೆ. ಆಸ್ಟ್ರೇಲಿಯಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಡೋಣ.

ಒಂದರಲ್ಲಿ 210 ಜನ. ಏರುತ್ತಾ ಹೋಗುವ ಭಾರದ ವ್ಯಾಯಾಮದ ಜೊತೆಗೆ ಬೀಳದಂತೆ ಎಚ್ಚರ ವಹಿಸುವ ಪಾಠ, ತರಬೇತುದಾರರ ಎದುರಿನಲ್ಲಿ. ಮುಂದಿನ ಒಂದು ವರ್ಷದಲ್ಲಿ ಇವರು ಬಿದ್ದ ಸಂಖ್ಯೆ ವ್ಯಾಯಾಮವಿಲ್ಲದ ಗುಂಪಿಗಿಂತ ಸುಮಾರು 85 ಶೇಕಡ ಕಡಿಮೆ.

ಇನ್ನೊಂದರಲ್ಲಿ 231 ಜನ. ಕಾಲಿನ ಬಲ, ಸಮತೋಲನ, ನಡೆಯುವಾಗ ಕಾಲು ಅಂಟಿಕೊಂಡಂತೆ ನಿಂತುಬಿಡುವ ತೊಂದರೆಗೆ ಉಪಾಯ, ಎಲ್ಲವೂ ಇತ್ತು. ಆದರೆ ಹೆಚ್ಚಿನ ಅಭ್ಯಾಸ ಮನೆಯಲ್ಲಿ, ತಾವೇ ಮಾಡಿಕೊಳ್ಳುವುದು. ಒಟ್ಟಾರೆ ನೋಡಿದರೆ ಬೀಳುವುದು ಗಮನಾರ್ಹವಾಗಿ ತಗ್ಗಲಿಲ್ಲ. ಒಳಹೊಕ್ಕು ನೋಡಿದಾಗ ಕಾಯಿಲೆ ಹಗುರವಾಗಿದ್ದವರಲ್ಲಿ ಬೀಳುವುದು 69 ಶೇಕಡ ಕಡಿಮೆಯಾಗಿತ್ತು. ಕಾಯಿಲೆ ಮುಂದುವರಿದವರಲ್ಲಿ ತುಸು ಹೆಚ್ಚುವ ಸೂಚನೆಯೇ ಇತ್ತು.

ಇದು ವಿಚಿತ್ರ ಅನಿಸಬಹುದು. ಕಾರಣ ಊಹಿಸುವುದು ಕಷ್ಟವಲ್ಲ. ಕಾಲಿಗೆ ಬಲ ಬಂದಾಗ ಧೈರ್ಯ ಬರುತ್ತದೆ. ಧೈರ್ಯ ಬಂದವರು ಹೆಚ್ಚು ಓಡಾಡುತ್ತಾರೆ. ಆದರೆ ಬಾಗಿಲ ಬಳಿ ತಿರುಗುವಾಗ ಕಾಲು ನೆಲಕ್ಕೆ ಅಂಟಿಕೊಳ್ಳುವ ತೊಂದರೆ, ಮಾತಾಡುತ್ತಾ ನಡೆದರೆ ಹೆಜ್ಜೆ ತಪ್ಪುವ ತೊಂದರೆ ಬಲದಿಂದ ಮಾತ್ರ ಹೋಗುವುದಿಲ್ಲ. ಹಾಗಾಗಿ ಈಗಾಗಲೇ ಬೀಳುತ್ತಿರುವವರಿಗೆ ವ್ಯಾಯಾಮದ ಚೀಟಿ ಬರೆದುಕೊಟ್ಟು ಮನೆಗೆ ಕಳಿಸುವುದು ಸರಿಯಲ್ಲ. ಅವರಿಗೆ ಪಕ್ಕದಲ್ಲಿ ನಿಲ್ಲುವ ಫಿಸಿಯೋಥೆರಪಿಸ್ಟ್ ಬೇಕು.

## ಎಷ್ಟು, ಯಾವಾಗ

ಅಮೆರಿಕದ ಪಾರ್ಕಿನ್ಸನ್ ಫೌಂಡೇಶನ್ ಮತ್ತು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2021ರಲ್ಲಿ ಒಟ್ಟಾಗಿ ಕೊಟ್ಟ ಸಲಹೆ ಹೀಗಿದೆ. ಭಾರದ ವ್ಯಾಯಾಮ ವಾರಕ್ಕೆ ಎರಡರಿಂದ ಮೂರು ದಿನ, ನಡುವೆ ಒಂದು ದಿನ ಬಿಡುವು. ಪ್ರತಿ ಸಲ ಕನಿಷ್ಠ 30 ನಿಮಿಷ. ದೊಡ್ಡ ಸ್ನಾಯುಗಳಿಗೆ 10ರಿಂದ 15 ಸಲ. ಇದರ ಜೊತೆಗೆ ಏದುಸಿರು ಬರಿಸುವ ನಡಿಗೆಯೋ ಸೈಕಲ್ಲೋ ವಾರಕ್ಕೆ ಮೂರು ದಿನ, ಸಮತೋಲನದ ಅಭ್ಯಾಸ, ಮೈ ಚಾಚುವುದು.

ಸರಿಯಾದ ತೂಕ ಯಾವುದು? ಹನ್ನೆರಡು ಸಲ ಎತ್ತಿ ಇಟ್ಟಾಗ, ಇನ್ನೂ ಎರಡು ಮೂರು ಸಲ ಆಗುತ್ತಿತ್ತು, ಅದಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ ಅನಿಸಬೇಕು. ಇಪ್ಪತ್ತು ಸಲ ಆರಾಮಾಗಿ ಆದರೆ ಅದು ಹಗುರವಾಯಿತು. ಎದೆಬಡಿತ ಎಣಿಸಿ ನಿರ್ಧರಿಸುವುದು ಇಲ್ಲಿ ನಂಬಿಕೆಗೆ ಯೋಗ್ಯವಲ್ಲ. ಪಾರ್ಕಿನ್ಸನ್ ಎದೆಬಡಿತ ನಿಯಂತ್ರಿಸುವ ನರಗಳನ್ನೂ ಮುಟ್ಟುವುದರಿಂದ, ಶ್ರಮಕ್ಕೆ ತಕ್ಕ ಹಾಗೆ ಬಡಿತ ಏರದೆ ಇರಬಹುದು. ಶ್ರಮಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಅಂತ ಅವರನ್ನೇ ಕೇಳುವುದು ವಾಸಿ.

ಹೊತ್ತು ಮುಖ್ಯ. ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲಿ ಮಾಡಿಸಬೇಕು. ಮಾತ್ರೆಯ ಪರಿಣಾಮ ಇಳಿಯುವ ಹೊತ್ತಿನಲ್ಲಿ ಭಾರ ಎತ್ತಲು ಹೋದರೆ ಕೆಲಸವೂ ಆಗುವುದಿಲ್ಲ, ಬೀಳುವ ಅಪಾಯವೂ ಹೆಚ್ಚು.

## ಎಲ್ಲಿ ಎಡವುತ್ತಾರೆ

ಮೊದಲನೆಯದು ಬಿಪಿ. ಪಾರ್ಕಿನ್ಸನ್ ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಎದ್ದು ನಿಂತಾಗ ಬಿಪಿ ಕುಸಿಯುತ್ತದೆ. ಮಾತ್ರೆಗಳೂ ಅದಕ್ಕೆ ಸ್ವಲ್ಪ ಕಾರಣ. ಉಸಿರು ಬಿಗಿಹಿಡಿದು ಭಾರ ಎತ್ತಿ, ಥಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಎತ್ತುವಾಗ ಉಸಿರು ಬಿಡಬೇಕು. ಎಣಿಕೆಯನ್ನು ಜೋರಾಗಿ ಹೇಳಿಸಿದರೆ ಉಸಿರು ಕಟ್ಟುವುದಿಲ್ಲ, ದನಿಗೂ ಅಭ್ಯಾಸ. ಮಲಗಿ ಮಾಡಿದ ಮೇಲೆ ಒಂದು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಬೇಕು.

ಎರಡನೆಯದು ಪ್ರೋಟೀನ್ ಪುಡಿ, ಇದನ್ನು ಹೇಳುವವರು ಕಡಿಮೆ. ಭಾರ ಎತ್ತಲು ಶುರು ಮಾಡಿದರೆ ಯಾರಾದರೂ ಪ್ರೋಟೀನ್ ಕುಡಿಯಿರಿ ಅಂತ ಹೇಳಿಯೇ ಹೇಳುತ್ತಾರೆ. ಪ್ರೋಟೀನ್ ಜೀರ್ಣವಾದಾಗ ಬರುವ ಅಮೈನೋ ಆಮ್ಲಗಳೂ ಲೆವೊಡೋಪಾವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವುದು ಒಂದೇ ಬಾಗಿಲಿನಿಂದ. ಎರಡೂ ಒಟ್ಟಿಗೆ ಬಂದರೆ ಮಾತ್ರೆ ಸಾಲಿನಲ್ಲಿ ಹಿಂದೆ ಉಳಿಯುತ್ತದೆ. ಅವತ್ತು ಮಾತ್ರೆ ತೆಗೆದುಕೊಂಡರೂ ಹಿಡಿಯಲೇ ಇಲ್ಲ ಅನಿಸುತ್ತದೆ. ವ್ಯಾಯಾಮದಿಂದ ಕಾಯಿಲೆ ಜಾಸ್ತಿಯಾಯಿತು ಅಂತ ತಪ್ಪು ತಿಳಿದು ನಿಲ್ಲಿಸಿಬಿಡಬಹುದು. ಹಾಗಂತ ಪ್ರೋಟೀನ್ ಬಿಡುವುದೂ ತಪ್ಪು, ಸ್ನಾಯು ಕಟ್ಟಲು ಅದು ಬೇಕೇ ಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಒಂದು ಗಂಟೆ ಆದಮೇಲೆ ಮಾತ್ರೆ ತೆಗೆದುಕೊಳ್ಳುವುದು ಸಾಮಾನ್ಯ ಸಲಹೆ. ಪ್ರೋಟೀನ್ ಪುಡಿಯನ್ನೂ ಊಟದ ಹಾಗೇ ಲೆಕ್ಕ ಹಿಡಿಯಬೇಕು. ಮಾತ್ರೆಯ ಹೊತ್ತು ಬದಲಿಸುವ ಮೊದಲು ವೈದ್ಯರನ್ನು ಕೇಳಿ.

ಮೂಳೆ ಸವೆದಿರುವ ಹಿರಿಯರು ಬೆನ್ನು ಬಗ್ಗಿಸಿ, ತಿರುಚಿ ಭಾರ ಎತ್ತಬಾರದು. ಹೃದಯದ ತೊಂದರೆ ಇರುವವರು, ಮಿದುಳಿಗೆ ವಿದ್ಯುತ್ ಸಂಕೇತ ಕೊಡುವ ಉಪಕರಣ ಅಳವಡಿಸಿಕೊಂಡವರು ಶುರು ಮಾಡುವ ಮೊದಲೇ ವೈದ್ಯರ ಒಪ್ಪಿಗೆ ಪಡೆಯಬೇಕು.

## ಏರಿಸುವವರು ಯಾರು?

ಒಳ್ಳೆಯ ಫಲಿತಾಂಶ ಕೊಟ್ಟ ಪ್ರಯೋಗಗಳಲ್ಲಿ ಒಂದು ಸಮಾನ ಅಂಶ ಇದೆ. ಯಾರೋ ಒಬ್ಬರು ಎದುರಿಗೆ ನಿಂತು ನೋಡುತ್ತಿದ್ದರು, ತೂಕ ಏರಿಸುತ್ತಿದ್ದರು. ಪಾರ್ಕಿನ್ಸನ್‌ನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಡೋಪಮೈನ್ ಬರೀ ಚಲನೆಗೆ ಅಲ್ಲ, ಹುರುಪಿಗೂ ಬೇಕು. ಅದು ಕಡಿಮೆಯಾದವರಿಗೆ ಇವತ್ತು ಬೇಡ ಅನಿಸುವುದು ಸೋಮಾರಿತನ ಅಲ್ಲ, ಕಾಯಿಲೆಯ ಲಕ್ಷಣ. ಸೋಮಾರಿ ಅಂತ ಬೈದರೆ ಮನಸ್ಸು ಮುದುಡುತ್ತದೆ. ನಿಗದಿತ ದಿನ, ನಿಗದಿತ ಹೊತ್ತು, ಜೊತೆಗೆ ಒಬ್ಬರು ಇದ್ದರೆ ನಡೆಯುತ್ತದೆ.

ಆದರೆ ಫಿಸಿಯೋಥೆರಪಿ ಹೆಚ್ಚಿನ ಕಡೆ ಕೆಲವು ವಾರಗಳಿಗೆ ಮುಗಿಯುತ್ತದೆ. ಕಾಯಿಲೆ ಮುಗಿಯುವುದಿಲ್ಲ. ವ್ಯಾಯಾಮ ನಿಂತರೆ ಗಳಿಸಿದ ಬಲ ತಿಂಗಳುಗಳಲ್ಲಿ ಕರಗುತ್ತದೆ. ಒಂದೇ ಸಲ ಹತ್ತಾರು ವಾರ ಕೊಟ್ಟು ಕೈಬಿಡುವುದಕ್ಕಿಂತ, ಮೊದಲು ಚೆನ್ನಾಗಿ ಕಲಿಸಿ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಕರೆಸಿ ತೂಕ ಏರಿಸಿ ಕಳಿಸುವ ಕ್ರಮ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಚಿಕಿತ್ಸೆಯ ವ್ಯವಸ್ಥೆ ಎಲ್ಲೆಡೆ ಹಾಗೆ ಬದಲಾಗಲು ಸಮಯ ಹಿಡಿಯುತ್ತದೆ.

ಅಲ್ಲಿಯವರೆಗೆ ಮನೆಯವರು ಗಮನಿಸಲು ಒಂದು ಸರಳ ಪರೀಕ್ಷೆ ಇದೆ. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. ಕುರ್ಚಿ ಗೋಡೆಗೆ ತಾಗಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಪಾರ್ಕಿನ್ಸನ್ ಇರುವವರಲ್ಲಿ ಇದಕ್ಕೆ 16 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಹೆಚ್ಚು ಅಂತ ಅಧ್ಯಯನಗಳು ಗುರುತಿಸಿವೆ. ಬಂದ ಸೆಕೆಂಡುಗಳನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಮೂರು ತಿಂಗಳ ಮೇಲೆ ಅದೇ ಕುರ್ಚಿಯಲ್ಲಿ ಮತ್ತೆ ಅಳೆದು, ಎರಡೂ ಸಂಖ್ಯೆಗಳನ್ನು ವೈದ್ಯರಿಗೆ ತೋರಿಸಿ. ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಗಿತ್ತು ಅನ್ನುವುದು ಮಾತ್ರ ಎರಡೂ ಸಲ ಒಂದೇ ಇರಲಿ. ಇಲ್ಲದಿದ್ದರೆ ಅಳೆದದ್ದು ಮಾತ್ರೆಯನ್ನಾ ಕಾಲಿನ ಬಲವನ್ನಾ ಅಂತ ಗೊತ್ತಾಗುವುದಿಲ್ಲ.